ದಕ್ಷಿಣಕ್ಕೆ ತಿರುಗಿದ ಬಾಗಿಲು

ಅಕ್ಕಾ,

ಗೋಬಿ ಮರುಭೂಮಿಗೆ ಸೊಸೆಯಾಗಿ ಬಂದ ನಿನ್ನ ತಂಗಿ ಇನ್ನೂ ಬದುಕಿದ್ದಾಳೆ. ನಾಲ್ಕು ದಿನ ಒಂಟೆಗಳ ಜೊತೆ ನಡೆದು ನಿನ್ನೆ ಹೊಸ ಹುಲ್ಲುಗಾವಲು ಸೇರಿದೆವು. ಧೂಳುಗಾಳಿಯಲ್ಲಿ ದಿಕ್ಕು ಕಾಣದೆ, ಅತ್ತೆ ಕೈ ತೋರಿಸಿದ ಕಡೆಗೇ ಬಾಗಿಲಿಟ್ಟು ಕಂಬಳಿ ಗುಡಾರ ಕಟ್ಟಿದೆವು. ಬೆಳಿಗ್ಗೆ ನೋಡಿದರೆ ಪದ್ಧತಿಯಂತೆ ದಕ್ಷಿಣಕ್ಕಿರಬೇಕಾದ ಬಾಗಿಲು ಉತ್ತರಕ್ಕಿದೆ!

“ಸೂರ್ಯನಿಗೇ ತಲೆ ಕೆಟ್ಟಿದೆ. ಗುಡಾರ ಬಿಚ್ಚೇ ಹುಡುಗಿ,” ಎಂದರು ಅತ್ತೆ.

ಕಂಬಳಿ, ಮರದ ಜಾಲರಿ ಗೋಡೆ ಎಲ್ಲ ಕಳಚಿದರೂ ಮಾವ ಬಟ್ಟಬಯಲಲ್ಲಿ ಗೊರಕೆ ಹೊಡೆಯುತ್ತಲೇ ಇದ್ದರು.

“ಎಬ್ಬಿಸಬೇಡ, ಎದ್ರೆ ಚಹಾ ಕೇಳ್ತಾರೆ,” ಎಂದು ಅತ್ತೆ ಪಿಸುಗುಟ್ಟಿದರು.

ಮಂಚದ ಸಮೇತ ಅವರನ್ನು ತಿರುಗಿಸಿ, ಸುತ್ತಲೂ ಮತ್ತೆ ಗುಡಾರ ಕಟ್ಟಿದೆವು. ನನ್ನ ಸೊಂಟ ಬಿದ್ದುಹೋಗಿದೆ. ಒಂದು ಸೀಸೆ ನೋವಿನೆಣ್ಣೆ ಕಳಿಸು.

ಮಾವ ಈಗಷ್ಟೇ ಎದ್ದು ಹೊರಗೆ ಇಣುಕಿ, “ಇಲ್ಲಿ ಹುಲ್ಲು ಸಾಲಲ್ಲ. ನಾಳೆ ಮುಂದಕ್ಕೆ ಹೋಗೋಣ,” ಎಂದರು.

ಎರಡು ಸೀಸೆ ಕಳಿಸು.

ನಿನ್ನ ಓಯುಂಗೆರೆಲ್