ನರಸೀಪುರದ ಕಂಪ್ಯೂಟರು ಈಗ ಗುರುತು ಕೇಳುತ್ತದೆ

ಪ್ರೀತಿಯ ಮೇಷ್ಟ್ರಿಗೆ,

ನಂಜನಗೂಡಿನ ಸ್ಟೇಷನ್ ರಸ್ತೆಯ ಆ ಮಹಡಿ ಕೋಣೆಗೆ, ನಿಮ್ಮ ಕಂಪ್ಯೂಟರ್ ಕ್ಲಾಸಿಗೆ, ನಾನು ಮೊದಲ ಸಲ ಬಂದ ದಿನ ನೆನಪಿದೆಯಾ? ಪಿಯುಸಿ ಫೇಲಾಗಿ, ತಗಡೂರಿನ ಬಸ್ಸಿಳಿದು, ಬೇರೆ ಕಡೆಯೆಲ್ಲ ಕೇಳಿ ಸಾಕಾಗಿ ಬಂದವಳು ನಾನು. ಹೋದಲ್ಲೆಲ್ಲ ಯಾವೂರು, ಯಾವ ಬೀದಿ, ಯಾರ ಪೈಕಿ ಎಂದು ನಯವಾಗಿ ವಿಚಾರಿಸುತ್ತಿದ್ದರು. ಬೀದಿ ಗೊತ್ತಾದ ಕೂಡಲೇ ಸೀಟು ಭರ್ತಿಯಾಗಿಬಿಡುತ್ತಿತ್ತು. ನೀವು ಕನ್ನಡಕ ಸರಿಮಾಡಿಕೊಂಡು, "ಟೈಪಿಂಗ್ ಬತ್ತದಾ?" ಎಂದಿರಿ. "ಇಲ್ಲ ಸಾ" ಎಂದೆ. "ಒಳ್ಳೇದಾಯ್ತು ಬುಡು, ಕೆಟ್ಟ ಅಭ್ಯಾಸ ಬುಡ್ಸೋ ಕೆಲ್ಸ ತಪ್ತು. ಕೂತ್ಕೊ." ಅಷ್ಟೇ ನಮ್ಮ ಇಂಟರ್‌ವ್ಯೂ. ನೀವಿರುವವರೆಗೂ ಬಾಗಿಲಿಗೆ ಬಂದ ಯಾರನ್ನೂ ಯಾರ ಪೈಕಿ ಎಂದು ಕೇಳಲಿಲ್ಲ. ನಾನು ಇವತ್ತು ದುಡಿದು ತಿನ್ನುತ್ತಿರುವುದು ಆ ಕೇಳದೇ ಇದ್ದ ಪ್ರಶ್ನೆಯಿಂದ. ಅದಕ್ಕೇ ಈ ಕಾಗದದ ವಿಷಯ ಬರೆಯಲು ಕೈ ಸ್ವಲ್ಪ ಹಿಂದೆಮುಂದೆ ನೋಡುತ್ತಿದೆ.

ನಂಜುಂಡಣ್ಣನ ರಕ್ತ ಪರೀಕ್ಷೆಯ ಲ್ಯಾಬಿಗೆ ನೀವು ಪ್ರೋಗ್ರಾಮು ಬರೆದುಕೊಟ್ಟಾಗ ನಾನು ಪಕ್ಕದಲ್ಲೇ ಕೂತಿದ್ದೆ. ರಕ್ತ ತೆಗೆಯುವುದು ಟಿ. ನರಸೀಪುರದ ಶಾಖೆಯಲ್ಲಿ, ಪರೀಕ್ಷೆ ಮಾಡುವುದು ನಂಜನಗೂಡಿನಲ್ಲಿ. ಅಲ್ಲಿಯ ಕಂಪ್ಯೂಟರು ಇಲ್ಲಿಯ ಕಂಪ್ಯೂಟರನ್ನು ಕೇಳಿ ವರದಿ ತರಿಸಿಕೊಂಡು ಪ್ರಿಂಟು ಹಾಕಬೇಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಷ್ಟು ಚಿಕ್ಕದಾಗಿ ಬರೆದಿದ್ದಿರಿ! "ವರದಿ ಬೀಗ ಹಾಕ್ಕೊಂಡೇ ಓಡಾಡ್ತದೆ ಕಣವ್ವ, ದಾರೀಲಿ ಯಾರೂ ಓದಕ್ಕಾಗಲ್ಲ" ಎಂದು ಬೀಗಿದ್ದಿರಿ. ನಂಬಿದ್ದೆ. ನೀವೂ ನಂಬಿದ್ದಿರಿ.

ನೀವು ಹೋದ ಮೇಲಿನ ಮೊದಲ ಆಯುಧಪೂಜೆಯಲ್ಲಿ ನಂಜುಂಡಣ್ಣ ನರಸೀಪುರದ ಆ ಕಂಪ್ಯೂಟರಿಗೆ ಮೈತುಂಬ ಅರಿಶಿನ ಕುಂಕುಮ ಬಳಿದು, ಬೂದುಗುಂಬಳ ಒಡೆದ. ನಗಬೇಡಿ. ನೀವು ಕೊನೆಯದಾಗಿ ಕೂತು ಕೆಲಸ ಮಾಡಿದ್ದು ಅದರ ಮುಂದೆ ತಾನೆ? ಅಂದಿನಿಂದ ಅದನ್ನು ಯಾರೂ ಅಪ್‌ಡೇಟ್ ಮಾಡಕೂಡದು, ಮೇಷ್ಟ್ರ ಕೈಗುಣ ಹೊರಟುಹೋಗುತ್ತದೆ ಎಂದು ಅಪ್ಪಣೆಯಾಯಿತು. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾದರೂ, ಅದೊಂದನ್ನು ಧೂಳು ಒರೆಸಲು ಮಾತ್ರ ಮುಟ್ಟಬಹುದಿತ್ತು.

ಈ ಚಳಿಗಾಲದಲ್ಲಿ ಶಾಖೆ ಹೊಸ ಜಾಗಕ್ಕೆ ಹೋಯಿತು. ಕೆಳಗೆ ಬೇಕರಿ, ಮೇಲೆ ಲ್ಯಾಬು, ಎರಡಕ್ಕೂ ಒಂದೇ ವೈಫೈ. ಪಾಸ್‌ವರ್ಡು ಬೇಕರಿ ಗೋಡೆಯ ಮೇಲೆ, ಪಫ್ಸಿನ ದರದ ಪಕ್ಕದಲ್ಲಿ! ನನಗೆ ಇರುಸುಮುರುಸಾಯಿತು. ನೋಡೇಬಿಡೋಣ ಎಂದು ನನ್ನ ಲ್ಯಾಪ್‌ಟಾಪನ್ನು ದಾರಿಗೆ ಅಡ್ಡ ಕೂರಿಸಿ, "ನಾನೇ ನಂಜನಗೂಡಿನ ಕಂಪ್ಯೂಟರು" ಎಂದು ಸುಳ್ಳು ಹೇಳಿಸಿದೆ. ತಾನು ಯಾರೆಂದು ತೋರಿಸಲು ಅದರ ಕೈಗೆ ಒಂದು ಪ್ರಮಾಣಪತ್ರ ಬೇಕಲ್ಲ, ಅದನ್ನೂ ನಾನೇ ತಯಾರಿಸಿಕೊಟ್ಟೆ. ಸಹಿ ಹಾಕಿದವಳೂ ನಾನೇ. ನಿಮ್ಮ ಪ್ರೋಗ್ರಾಮು ಏನು ಮಾಡಿತು ಗೊತ್ತಾ ಮೇಷ್ಟ್ರೇ? ಆ ಪತ್ರವನ್ನು ತೆರೆದೂ ನೋಡಲಿಲ್ಲ. ಬನ್ನಿ ಬನ್ನಿ ಎಂದು ವರದಿ ತರಿಸುವ ಪಾಸ್‌ವರ್ಡನ್ನೇ ಕೈಗಿಟ್ಟಿತು. ನನ್ನದೇ ಹೆಸರಿನ ಒಂದು ವರದಿ ತರಿಸಿ ನಡುವೆ ರಕ್ತದ ಗುಂಪು ಬದಲಾಯಿಸಿದೆ. ಕೌಂಟರಿನಲ್ಲಿ ಕೂರುವ ಹುಡುಗಿ ರೂಪ ಆ ಸುಳ್ಳನ್ನೇ ಪ್ರಿಂಟು ಮಾಡಿ, ಸೀಲು ಒತ್ತಿ, ನಗುತ್ತಾ ನನಗೆ ಕೊಟ್ಟಳು.

ಬೀಗವೇನೋ ಗಟ್ಟಿಯಾಗಿಯೇ ಇತ್ತು. ಬೀಗದ ಕೈಯನ್ನು ಯಾರಿಗೆ ಕೊಡುತ್ತಿದ್ದೇವೆ ಎಂದು ಮಾತ್ರ ಯಾರೂ ನೋಡುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ಕೇಳಲು ಬಂದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡರೆ ಯಾರಾದರೂ ಒಪ್ಪುತ್ತಾರಾ? ಎರಡೂ ಮನೆಗೆ ಬೇಕಾದ ಒಬ್ಬರು ನಡುವೆ ನಿಂತು "ಗೊತ್ತಿರೋ ಜನ" ಎನ್ನಬೇಕು. ಪ್ರಮಾಣಪತ್ರಕ್ಕೆ ಸಹಿ ಹಾಕುವವರೂ ಅಂಥ ನಡುವಿನವರೇ. ಅವರನ್ನು ವಿಚಾರಿಸುವ ಕೆಲಸವನ್ನು ಆಗಿನ ಪೈಥಾನ್ ತಾನಾಗಿ ಮಾಡುತ್ತಲೇ ಇರಲಿಲ್ಲವಂತೆ. ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇತ್ತು, ಈಗ ಹುಡುಕಿ ಓದಿದೆ. ಆದರೆ ಓಡುತ್ತಿರುವ ಪ್ರೋಗ್ರಾಮಿಗೆ ಯಾರು ಕೈಪಿಡಿ ತೆರೆಯುತ್ತಾರೆ? ಆಮೇಲೆ ಭಾಷೆ ಮಾಡಿದವರೇ ಅದನ್ನು ಸರಿಪಡಿಸಿದರು. ಎಲ್ಲರ ಮನೆಗೂ ಆ ತಿದ್ದುಪಡಿ ಬಂತು, ಕುಂಕುಮ ಬಳಿದುಕೊಂಡ ನಮ್ಮ ಕಂಪ್ಯೂಟರಿಗೆ ಬರಲಿಲ್ಲ.

ನಂಜುಂಡಣ್ಣನಿಗೆ ಆ ಸುಳ್ಳು ವರದಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದ. "ಸುಮ್ಕಿರವ್ವ ಮಾದೇವಿ. ಮೇಷ್ಟ್ರು ಕೈ ಇಟ್ಟಿರೋ ಮಿಷನ್ನು ಅದು. ಒಂದಿನಾರ ಕೈ ಕೊಟ್ಟದಾ?"

"ಕೈ ಕೊಟ್ರೂ ನಮ್ಗೆ ಗೊತ್ತಾಗಕಿಲ್ಲ ಕಣಣ್ಣ, ಅದೇ ಕಷ್ಟ."

"ಅಂಗಾರೆ ಮೇಷ್ಟ್ರು ತಪ್ಪು ಮಾಡವ್ರೆ ಅಂತೀಯಾ? ನಿಂಗೆ ಅಕ್ಸರ ಕಲ್ಸಿದ್ ಮೇಷ್ಟ್ರು?"

ಸಿಟ್ಟು ಬಂತು, ಅಳುವೂ ಬಂತು. ನರಸೀಪುರ ನಿಮಗೆ ಗೊತ್ತಲ್ಲ. ಯಾರ ಮನೆ ಮಗಳಿಗೆ ಏನು ಪರೀಕ್ಷೆಯಾಯಿತು ಎಂಬುದು ಆಕೆ ಮನೆ ಸೇರುವ ಮೊದಲೇ ಬೀದಿ ಸೇರುತ್ತದೆ. ಒಬ್ಬರ ಹೊಟ್ಟೆಯೊಳಗಿನದು, ರಕ್ತದೊಳಗಿನದು ಬೇಕರಿಯಲ್ಲಿ ಕೂತವರ ಕೈಗೆ ಸಿಗುವಂತಿದ್ದರೆ… ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಮಾರನೆಯ ದಿನ ನಿಮ್ಮ ಮನೆಗೆ ಹೋದೆ. ಅಮ್ಮಾವರು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ತಡವರಿಸುತ್ತಾ ಎಲ್ಲ ಹೇಳಿದೆ. ಅವರು ತಲೆ ಎತ್ತದೆ, "ಇದ್ನೇಳಕ್ಕೆ ಇಷ್ಟ್ ಸುತ್ತಾಕ್ತಿದ್ದೀಯಲ್ಲ! ಅವ್ರಿದ್ದಿದ್ರೆ, 'ನನ್ ಕೇಳ್ಕೊಂಡು ಕೂತ್ಕಂಡ್ಯಾ, ಓಗಿ ಸರಿ ಮಾಡು' ಅಂತ ಬಯ್ಯೋರು" ಎಂದರು. ಕೈಗಂಟಿದ ಅವರೆಯ ಸೊಗಡು ಒರೆಸಿಕೊಂಡು, ಸೀರೆ ಬದಲಾಯಿಸಿ ನನ್ನ ಜೊತೆಯೇ ಹೊರಟರು. ನಂಜನಗೂಡಿನ ಲ್ಯಾಬಿನಲ್ಲಿ ನಂಜುಂಡಣ್ಣ ಎದ್ದು ನಿಂತ. "ಕೈಗುಣ ಅನ್ನೋದು ಕೈ ಇರೋಗಂಟ ಕಣಪ್ಪ. ಈಗ ಈ ಮಗೀನ ಕೈ ಅದೆ. ಬುಡು ಅದ್ನ" ಎಂದರು ಅಮ್ಮಾವರು. ಅವನು ತಲೆಯಾಡಿಸಿ, ಅವರಿಗೆ ಕುರ್ಚಿ ಎಳೆದು ಹಾಕಿದ.

ನರಸೀಪುರದ ಕಂಪ್ಯೂಟರಿಗೆ ಹೊಸ ಪೈಥಾನ್ ಹಾಕಿ ಚಾಲೂ ಮಾಡಿದ್ದೇ ತಡ, ಪ್ರೋಗ್ರಾಮು ನಂಜನಗೂಡಿನ ಜೊತೆ ಮಾತೇ ಆಡುವುದಿಲ್ಲ ಎಂದು ಕೂತಿತು. ನೋಡಿದರೆ, ನಂಜನಗೂಡಿನ ಕಂಪ್ಯೂಟರಿನ, ನಮ್ಮದೇ ಪ್ರಮಾಣಪತ್ರದ ಅವಧಿ ಯಾವತ್ತೋ ಮುಗಿದಿತ್ತು. ಕೇಳುವವರೇ ಇಲ್ಲದ ಮೇಲೆ ಗೊತ್ತಾಗುವುದು ಹೇಗೆ? ಕೌಂಟರಿನ ಮುಂದೆ ಜನ ಕಾಯುತ್ತಿದ್ದರು. ನಂಜುಂಡಣ್ಣ ಫೋನಿನಲ್ಲಿ "ನಾ ಏಳ್ಲಿಲ್ವಾ?" ಎಂದು ಶುರುಮಾಡಿದ. ಒಂದೇ ಒಂದು ಪದ ಬರೆದು ಪರಿಶೀಲನೆ ನಿಲ್ಲಿಸಿಬಿಡಬಹುದಿತ್ತು, ಮೇಷ್ಟ್ರೇ. ಇಂಟರ್‌ನೆಟ್ಟಿನಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳಿಕೊಡುವುದು ಅದನ್ನೇ. ನಾನು ಬರೆಯಲಿಲ್ಲ. ನಂಜನಗೂಡಿಗೆ ಬಸ್ಸು ಹತ್ತಿ, ಅಂದಿನ ವರದಿಗಳನ್ನೆಲ್ಲ ಪ್ರಿಂಟು ಹಾಕಿಸಿ, ಕವರಿಗೆ ಅಂಟು ಹಚ್ಚಿ, ತೊಡೆಯ ಮೇಲಿಟ್ಟುಕೊಂಡು ವಾಪಸ್ಸು ಬಂದೆ. ಒಬ್ಬಳು ಹುಡುಗಿ ತನ್ನ ವರದಿ ಇಸಿದುಕೊಂಡು, ಗೋಡೆಗೆ ತಿರುಗಿ ಓದಿ, ಚಿಕ್ಕದಾಗಿ ಮಡಿಸಿ ಬ್ಯಾಗಿನ ಒಳಗಿನ ಜೇಬಿಗೆ ಹಾಕಿಕೊಂಡು ಹೋದಳು. ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು.

ಹೊಸ ಪ್ರಮಾಣಪತ್ರ ಪಡೆಯಲು ನಿಮ್ಮ ಖಾತೆಯೇ ಬೇಕಾಯಿತು. ಒಟಿಪಿ ಬರುವುದು ನಿಮ್ಮ ಫೋನಿಗೆ. ಅಮ್ಮಾವರು ಆ ಫೋನನ್ನು ಇನ್ನೂ ದಿನಾ ಚಾರ್ಜು ಮಾಡಿ ನಿಮ್ಮ ಫೋಟೊದ ಕೆಳಗೆ ಇಡುತ್ತಾರೆ. ಅದು ಟಿಣ್ ಎಂದಾಗ ಇಬ್ಬರೂ ಬೆಚ್ಚಿದೆವು. "ನಿಮ್ ಮೇಷ್ಟ್ರು ಕಳ್ಸವ್ರೆ, ಬರ್ಕೊ" ಎಂದು ಒಂದೊಂದೇ ಅಂಕಿ ಓದಿ ಹೇಳಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನೋಡದವಳಂತೆ ಟೈಪು ಮಾಡಿದೆ.

ಹೋದ ವಾರ ನನ್ನ ಲ್ಯಾಪ್‌ಟಾಪಿನಿಂದ ಮತ್ತೆ ಅದೇ ಸುಳ್ಳು ಹೇಳಿಸಿದೆ. ಪ್ರೋಗ್ರಾಮು ಪ್ರಮಾಣಪತ್ರ ನೋಡಿತು, ಸಹಿ ಯಾರದು ಎಂದು ವಿಚಾರಿಸಿತು, ಬಾಗಿಲು ಹಾಕಿಕೊಂಡಿತು. ಮನುಷ್ಯರನ್ನು ಏನೂ ಕೇಳದೆ ಒಳಗೆ ಕರೆಯುವುದನ್ನು ನಿಮ್ಮಿಂದ ಕಲಿತೆ, ಅದನ್ನು ಬಿಡುವುದಿಲ್ಲ. ಯಂತ್ರಗಳಿಗೆ ಆ ದೊಡ್ಡತನ ಬೇಡ. ನೀವು ಇದೇ ಪ್ರೋಗ್ರಾಮನ್ನು ತಾಂಡ್ಯದ ಕಾರ್ಖಾನೆಯ ಆಸ್ಪತ್ರೆಗೂ ಬರೆದುಕೊಟ್ಟಿದ್ದೀರಿ. ಸೋಮವಾರ ಅಲ್ಲಿಗೆ ಹೋಗುತ್ತಿದ್ದೇನೆ, ಯಾರು ಏನೇ ಅನ್ನಲಿ.

ಇನ್ನೊಂದು ಸುದ್ದಿ ಇದೆ. ನನಗೆ ಮದುವೆಯಾಗಿದ್ದು ನಿಮಗೆ ಗೊತ್ತು. ವರ್ಷಗಳಾದವು, ಬೀದಿಯವರು "ಏನಾರ ಇಸೇಸಾನಾ?" ಎಂದು ಕೇಳಿ ಕೇಳಿ ಸುಸ್ತಾಗಿದ್ದಾರೆ. ನಿನ್ನೆ ನರಸೀಪುರದ ಕೌಂಟರಿನಲ್ಲಿ ನಾನೂ ತೋಳು ಚಾಚಿ ರಕ್ತ ಕೊಟ್ಟೆ. ಇವತ್ತು ಬೆಳಿಗ್ಗೆ ವರದಿ ನಿಮ್ಮ ದಾರಿಯಲ್ಲೇ, ನಡುವೆ ಯಾರ ಕೈಗೂ ಸಿಗದೆ ಬಂತು. ಗೋಡೆಗೆ ತಿರುಗಿ ಓದಿದೆ. ಹೌದಂತೆ, ಮೇಷ್ಟ್ರೇ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಮೊದಲು ನಿಮಗೆ ಹೇಳೋಣ ಎಂದು ಕೂತೆ.

ನಿಮ್ಮ
ಮಾದೇವಿ