ಎರಡು ಕಾರ್ಡು, ಒಂದು ಕಣ್ಣಳತೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 9

ಕಂಪ್ಯೂಟರ್ ಆಟದ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡು. ಕರಿ ಕಾರ್ಡು ಸೆಕೆಂಡಿಗೆ ಮತ್ತೆ 97 ಫ್ರೇಮು, ಅಂದರೆ ಚಿತ್ರ. ಬಿಳಿ ಕಾರ್ಡು 96. ಅದೇ ಆಟ, ಅದೇ ಕಾಡು, ತೊಂಬತ್ತು ಸೆಕೆಂಡಿನ ಅದೇ ಕುದುರೆ ಓಟ. ಇಪ್ಪತ್ತು ಸಲ ಓಡಿಸಿದ್ದಾಯಿತು. ಸೆಕೆಂಡಿಗೆ ಒಂದು ಫ್ರೇಮಿನ ವ್ಯತ್ಯಾಸ... ಅಂದರೆ ವ್ಯತ್ಯಾಸವೇ ಇಲ್ಲ. ಆದರೂ ಕರಿಯದರಲ್ಲಿ ಕುದುರೆ ಎಡವುತ್ತದೆ. ಬಿಳಿಯದರಲ್ಲಿ ಇಲ್ಲ. ಪತ್ರಿಕೆಯ ನನ್ನ ಅಂಕಣದಲ್ಲಿ ಹೋದ ವಾರ ಹಾಗೇ ಬರೆದೆ. ಇಪ್ಪತ್ತೆರಡು ವರ್ಷದಿಂದ ‘ಕಣ್ಣಳತೆ’ ನಡೆದಿರುವುದೇ ಈ ನಂಬಿಕೆಯ ಮೇಲೆ: ಮೀಟರಿಗೆ ಕಾಣದ್ದು ಈ ತೋರ್ಸ್ತಿಯ ಕಣ್ಣಿಗೆ ಕಾಣುತ್ತದೆ.

ವಾಸಾ ಊರಿನಿಂದ ನಿಕ್ಲಾಸ್ ಅನ್ನುವ ಓದುಗನ ಪತ್ರ. ‘ಇದು ದೆವ್ವದ ಕಥೆ. ಯಾವ ಕಾರ್ಡು ಓಡುತ್ತಿದೆ ಅಂತ ತಿಳಿಯದೆ ಗುರುತಿಸಿ ತೋರಿಸಿ. ಆಗದಿದ್ದರೆ ಅಂಕಣ ನಿಲ್ಲಿಸಿ.’

ಸಂಪಾದಕಿ ಮಾರ್ಕೆಟ್ಟಾಳ ಫೋನು.
“ಪತ್ರ ಅಚ್ಚು ಹಾಕ್ತೀನಿ ತೋರ್ಸ್ತಿ. ಉತ್ತರ ಈ ಶುಕ್ರವಾರ ಬೇಡ, ಮುಂದಿನ ಶುಕ್ರವಾರ ಸಾಕು.”
“ಸೋತರೆ?”
“ಸೋತರೆ ಅಂಕಣ ಇರಲ್ಲ. ನೀನಾದರೂ ಇನ್ನೇನು ಬರೀತೀಯ?”

ಸರಿಯಾಗಿಯೇ ಕೇಳಿದಳು. ಸಿಟ್ಟು ಬರಲಿಲ್ಲ. ಯಾಕೋ ಹುರುಪು ಬಂತು.

ಮಾರ್ಚ್ 5, ಬುಧವಾರ

ನಮ್ಮ ಕಟ್ಟಡದ ಕೆಳಗಿನ ಕ್ಲಬ್ ಕೋಣೆ ಶನಿವಾರಕ್ಕೆ ಸಿಕ್ಕಿತು. ಎರಡು ಕಂಪ್ಯೂಟರ್, ಕಾರ್ಡು ಬಿಟ್ಟು ಉಳಿದದ್ದೆಲ್ಲ ಒಂದೇ. ಎರಡೂ ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ. ಪರದೆ ಒಂದೇ. ಫ್ಯಾನಿನ ಸದ್ದಿನಿಂದ ಗೊತ್ತಾಗಬಾರದಲ್ಲ — ಎರಡರ ಫ್ಯಾನೂ ಒಂದೇ ವೇಗಕ್ಕೆ ಕಟ್ಟಿಹಾಕಿದೆ. ಕಳ್ಳದಾರಿ ಎಲ್ಲ ಮುಚ್ಚಿದೆ ಅಂತ ಖುಷಿ.

ನಾಣ್ಯ ಚಿಮ್ಮಿ ಕಾರ್ಡು ಆರಿಸಲು ನನ್ನ ಅಕ್ಕ ಲಾಹ್ಯಾಳನ್ನು ಕರೆದೆ.
“ಅಲ್ಲಿ ಹೆಣಿಗೆ ಹಾಕಬಹುದಾ?” ಅಂದಳು.
“ಹಾಕು.”
“ಹಾಗಾದ್ರೆ ಬರ್ತೀನಿ.”

ಮಾರ್ಚ್ 8, ಶನಿವಾರ. ಮಧ್ಯಾಹ್ನ 3

ಹದಿನಾರಕ್ಕೆ ಹದಿನೈದು!

ಒಂದೇ ತಪ್ಪು, ಅದೂ ಆರನೆಯದು — ಅಕ್ಕ ಸೂಜಿ ಬೀಳಿಸಿ ಗಲಾಟೆ ಮಾಡಿದ್ದಳು. ವಿಡಿಯೊ ಆಗಲೇ ಮಾರ್ಕೆಟ್ಟಾಗೆ ಹೋಯಿತು. ‘ನಿಕ್ಲಾಸ್ ಬಾಯಿಗೆ ಬೀಗ’ ಅಂತ ಉತ್ತರ. ಅಕ್ಕನಿಗೆ ಕಾಫಿ, ಏಲಕ್ಕಿ ಬನ್ನು. ಬನ್ನು ಮುರಿಯುತ್ತ ಅಂದಳು:
“ಒಂದು ಕೇಳ್ಲಾ? ನೀನು ಪರದೆ ಯಾಕೆ ನೋಡ್ಲಿಲ್ಲ?”
“ನೋಡದೆ ಇನ್ನೇನು ಮಾಡಿದೆ?”
“ಕಣ್ಣು ಆ ಕಡೆಗೇ ಇತ್ತು ಕಣೋ. ಆದರೆ ಪ್ರತಿ ಸಲ ಹೇಳೋ ಮುಂಚೆ ತಲೆ ಬಲಕ್ಕೆ ವಾಲಿಸ್ತಿದ್ದೆ. ಗೋಡೆಯಾಚೆ ಜಗಳ ಕೇಳಿಸ್ಕೊಳ್ಳೋರ ಹಾಗೆ.”

ನಕ್ಕುಬಿಟ್ಟೆ. ಆಮೇಲೆ ವಿಡಿಯೊ ನೋಡಿದೆ. ಹೌದು. ಹದಿನಾರು ಸಲವೂ.

ಮಾರ್ಚ್ 9, ಭಾನುವಾರ

ಅಕ್ಕನನ್ನು ಮತ್ತೆ ಕರೆಸಿದೆ. ಮರ ಕೊಯ್ಯುವಾಗ ಹಾಕುವ ಕಿವಿಮುಚ್ಚುಗ ಹಾಕಿಕೊಂಡು ಕೂತೆ.

ಹದಿನಾರಕ್ಕೆ ಏಳು. ನಾಣ್ಯವೇ ನನಗಿಂತ ಮೇಲು.

ಮುಚ್ಚುಗ ತೆಗೆದು ಕೇಳಿದೆ. ಕಾರ್ಡಿನೊಳಗಿನ ತಂತಿಸುರುಳಿಯ ಸಣ್ಣ ಕೀರಲು. ಫ್ಯಾನು ಕಟ್ಟಿದವನು ಇದನ್ನು ಮರೆತಿದ್ದೆ. ಫ್ರೇಮು ಬಂದ ಹಾಗೆ ಕೀರಲು. ಬಿಳಿಯದು ಒಂದೇ ಎಳೆ. ಕರಿಯದು ಅಲ್ಲಲ್ಲಿ ತಡವರಿಸುತ್ತದೆ. ಒಂದೊಂದು ಫ್ರೇಮಿಗೆ ಹಿಡಿದ ಸಮಯದ ದಾಖಲೆ ತೆಗೆದು ನೋಡಿದೆ — ಕಣ್ಣಿರುವಾಗ ಅದೇಕೆ ಅಂತ ಎಂದೂ ನೋಡದಿದ್ದ ದಾಖಲೆ. ಸರಾಸರಿ ಒಂದೇ. ಆದರೆ ಕರಿಯದರಲ್ಲಿ ಫ್ರೇಮುಗಳು ನಿಜವಾಗಿಯೂ ತಡವರಿಸುತ್ತವೆ, ಕೇಳಿದ ಜಾಗದಲ್ಲೇ.

ತೀರ್ಪು ಸರಿ. ಸಾಕ್ಷಿ ಸುಳ್ಳು. ಎಂಥ ವಿಚಿತ್ರ... ಎಷ್ಟು ಚೆಂದ ಕೂಡ.

ತಮಾಷೆಗೆ ಅಕ್ಕನಿಗೆ ಕಿವಿಮುಚ್ಚುಗ ಹಾಕಿ ಕೂರಿಸಿದೆ. ಕಾರ್ಡು ಅಂದರೇನೆಂದೇ ತಿಳಿಯದವಳು. ಹದಿನಾರಕ್ಕೆ ಹದಿಮೂರು.
“ಕುದುರೆ ಕುಂಟೋದು ಕಾಣಲ್ವೇನೋ ನಿನಗೆ? ಎಷ್ಟು ಚೆನ್ನಾಗಿ ಕಾಣತ್ತೆ.”
“ನಿನಗೆ ಹೇಗೆ ಕಾಣತ್ತೆ?”
“ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದೆನಲ್ಲ. ಅಪ್ಪನಿಗೂ ಇತ್ತು. ನೀನು ಕಣ್ಣು ಯಾವತ್ತು ತೋರಿಸಿದೆ?”

ಹೆದರಿಕೆ ಆಯಿತು.

ಮಾರ್ಚ್ 13, ಗುರುವಾರ. ಸಂಜೆ 5

ಮೂರು ದಿನ ದಿನಚರಿ ಬರೆಯಲಿಲ್ಲ. ನೆಲಮಾಳಿಗೆಯ ಗೂಡಿನಲ್ಲಿ ಹಳೇ ಕಾರ್ಡುಗಳ ಪೆಟ್ಟಿಗೆ ಕೆದಕಿದ್ದೇ ಕೆಲಸ. ಪ್ರಶ್ನೆ ಒಂದೇ: ಕಣ್ಣು ಯಾವಾಗ ಕೆಲಸ ಬಿಟ್ಟಿತು? ಎಷ್ಟು ವರ್ಷ ಕಿವಿಯಿಂದ ಬರೆದೆ?

ಕಿವಿಗೆ ಸುಳಿವು ಕೊಡದ, ಕೀರಲೇ ಇಲ್ಲದ ಕಾರ್ಡು ಬೇಕಿತ್ತು. ಇಂದು ಸಿಕ್ಕಿತು, 2019ರದು. ಹಳೇ ಸಂಚಿಕೆ ತೆಗೆದೆ. ನನ್ನದೇ ಮಾತು: ‘ನೀರಿನ ಹಾಗೆ ನಯ. ಕಣ್ಣು ಮುಚ್ಚಿಕೊಂಡು ಕೊಳ್ಳಿ.’ ಓಡಿಸಿದೆ. ನನಗೆ ಈಗಲೂ ನಯವೇ. ಅಕ್ಕ ಅರ್ಧ ನಿಮಿಷ ನೋಡಿದಳು.
“ಇದು ಕರಿಯದಕ್ಕಿಂತ ಕಡೆ ಕಣೋ.”
ದಾಖಲೆಯೂ ಅದನ್ನೇ ಹೇಳಿತು.

ಹಾಗಾದರೆ ಆರು ವರ್ಷವಂತೂ ಹೌದು. ನನ್ನ ಮಾತು ನಂಬಿ ಆ ಕಾರ್ಡು ಕೊಂಡವರು ತಮ್ಮ ಕಣ್ಣನ್ನೇ ಅನುಮಾನಿಸಿರಬೇಕು. ಇದನ್ನು ಯೋಚಿಸಿದರೆ ನಾಚಿಕೆಯಾಗುತ್ತದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹದಿನೈದು ಸುಳ್ಳಲ್ಲ. ಗೆದ್ದ ಅಂಕಣದ ಪುಟ ಅಚ್ಚಿಗೆ ಜೋಡಿಸಿಯೂ ಆಗಿದೆ.

ಮಾರ್ಚ್ 14, ಶುಕ್ರವಾರ. 11 ಗಂಟೆ

ಹೊಸದಾಗಿ ಬರೆದು ಕಳಿಸಿದೆ. ಕಿವಿಮುಚ್ಚುಗ, ಏಳು, ಅಕ್ಕನ ಹದಿಮೂರು, 2019ರ ಕಾರ್ಡು — ಎಲ್ಲ.

ಹತ್ತು ನಿಮಿಷಕ್ಕೆ ಮಾರ್ಕೆಟ್ಟಾ.
“ಗೆದ್ದಿದ್ದೀಯ ಮಾರಾಯ. ಗೆದ್ದು ಸೋಲ್ತೀಯಾ? ನಿಕ್ಲಾಸ್ ಕುಣಿದಾಡ್ತಾನೆ.”
“ಕುಣೀಲಿ.”
“ಅಂಕಣ ಹೋಗತ್ತೆ. ಕಣ್ಣು ಕಾಣದೋನ ಕಣ್ಣಳತೆ ಯಾರು ಓದ್ತಾರೆ?”
“ಗೊತ್ತು. ಕೊನೇದು ಅಂತ ಹಾಕು.”

ಆಮೇಲೆ ಮೆಲ್ಲಗೆ, “ಆ ಕೀರಲು ನನಗೂ ಕೇಳಿಸತ್ತಾ?” ಅಂದಳು.
“ಬಾ. ಕೇಳಿಸ್ತೀನಿ.”

ಮಾರ್ಚ್ 19, ಬುಧವಾರ. ಕಣ್ಣಾಸ್ಪತ್ರೆ, 10.20

ಎರಡೂ ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದ್ದಾರೆ. ಹತ್ತಿರದ್ದು ಆಗಲೇ ಮಂಜು. ಸಾಲು ನೇರ ಬರುತ್ತಿದೆಯೋ ಇಲ್ಲವೋ. ಪಕ್ಕದಲ್ಲಿ ಅಕ್ಕ. ಕೊನೆಯ ಅಂಕಣ ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಮಾರ್ಕೆಟ್ಟಾ ಕಳಿಸಿದ್ದಾಳೆ. ಹನ್ನೊಂದರೊಳಗೆ ತಪ್ಪಿದ್ದರೆ ಹೇಳಬೇಕು. ಅಕ್ಕ ಓದುತ್ತಾಳೆ, ನಾನು ಕೇಳುತ್ತೇನೆ. ತಲೆ ಬಲಕ್ಕೆ ವಾಲಿದೆ ಅಂತ ನಗುತ್ತಾಳೆ.

ಕೊನೆಗೆ ಬಂದು ನಿಲ್ಲಿಸಿದಳು.
“ಇಲ್ಲಿ ‘ಇದು ನಾನು ಕಣ್ಣಾರೆ ಕಂಡದ್ದು’ ಅಂತ ಇದೆಯಲ್ಲೋ.”

ಇಪ್ಪತ್ತೆರಡು ವರ್ಷ ಪ್ರತಿ ಅಂಕಣ ಮುಗಿಸಿದ ಸಾಲು. ಕೈ ತಾನಾಗಿಯೇ ಬರೆದುಬಿಟ್ಟಿದೆ.

“ತೆಗೆಸಲಾ? ಅಲ್ಲಿ ಏನು ಹಾಕಲಿ?”

ಯೋಚಿಸಿದೆ. ಹೇಳು ಅಂದಳು. ಪೆನ್ನು ಹಿಡಿದಿದ್ದಾಳೆ. ಬರೆದುಕೋ ಅಕ್ಕಾ: ‘ಇದು ನಾನು ಕಿವಿಯಾರೆ ಕೇಳಿದ್ದು, ಅಕ್ಕ ಕಣ್ಣಾರೆ ಕಂಡದ್ದು.’