ಡಿಕ್ಕಿಯಿಂದ ಮಾರಿದ ಸಾವಿರ ಸೀಡಿ

ಟರ್ನರ್ಸ್ ಬೆಂಡ್, ಮಿಸಿಸಿಪ್ಪಿ
ಬುಧವಾರ, ಅಕ್ಟೋಬರ್ ೧೧, ೨೦೨೩

ಪ್ರೀತಿಯ ಅಳಿಯ ಟವಾರಿಸ್,

ರ್‍ಯಾಪ್ ಎಂಬ ವಿದ್ಯೆಯನ್ನು ಈ ಭೂಮಿಗೆ ಇಳಿಸಿದವನು ನಾನು. ನ್ಯೂಯಾರ್ಕಿನವರು ಏನಾದರೂ ಹೇಳಿಕೊಳ್ಳಲಿ, ಅವರು ಬಾಯಿ ಬಿಡುವ ಮೊದಲೇ ನಾನು ಹತ್ತಿ ಹೊಲದಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತು ಎಂಜಿನ್ನಿನ ತಾಳಕ್ಕೆ ಮೇಸ್ತ್ರಿಯನ್ನು ಪ್ರಾಸ ಹಿಡಿದು ಬೈಯುತ್ತಿದ್ದೆ. ಮೇಸ್ತ್ರಿ ಅದಕ್ಕೆ ತಲೆದೂಗಿ ನನ್ನ ಕೂಲಿಯನ್ನೇ ಹೆಚ್ಚಿಸಿದ. ಇದು ಯಾವ ಪುಸ್ತಕದಲ್ಲೂ ಇಲ್ಲ, ಯಾಕೆಂದರೆ ಪುಸ್ತಕ ಬರೆಯುವವರು ನಮ್ಮ ಹೊಲದ ಕಡೆ ಬರಲೇ ಇಲ್ಲ. ಆರನೇ ತರಗತಿಗೆ ಶಾಲೆ ಬಿಟ್ಟವನ ಮಾತನ್ನು ಯಾರು ಬರೆದುಕೊಳ್ಳುತ್ತಾರೆ?

ನಿನ್ನ ಗಂಟಲು ಹೇಗಿದೆ? ಭಾನುವಾರ ಫೋನಿನಲ್ಲಿ ಒಣ ಜೋಳದ ಗರಿ ಉಜ್ಜಿದ ಹಾಗೆ ಕೇಳಿಸಿತು. ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿ. ಅದಕ್ಕೆ ಬಾಟಲಿಯದನ್ನು ಒಂದು ಮುಚ್ಚಳ ಬೆರೆಸಿದರೆ ಒಳ್ಳೆಯದೆಂದು ನಿನಗೆ ಹೇಳಿಕೊಟ್ಟವನು ನಾನೇ, ಆದರೂ ಈಗ ಬೇಡ. ನನ್ನ ಮಂಡಿಗಳು ಒಂದಕ್ಕೊಂದು ಮಾತು ಬಿಟ್ಟಿವೆ. ಡಾಕ್ಟರಮ್ಮ ಸಕ್ಕರೆ ಬಿಡಿ ಅಂದಳು, ಬಿಟ್ಟಿದ್ದೇನೆ, ಅವಳೆದುರಿಗೆ. ನಿನ್ನ ಅತ್ತೆ ವರ್ನೆಲ್ ಹೋದ ಮೇಲೆ ಮನೆಯಲ್ಲಿ ನನ್ನನ್ನು ಬೈಯುವವರಿಲ್ಲ, ಹಾಗಾಗಿ ಒಳ್ಳೆಯವನಾಗಲು ಕಾರಣವೂ ಉಳಿದಿಲ್ಲ.

ಈ ಕಾಗದವನ್ನು ನಿನ್ನ ಅಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ. ಮಧ್ಯಾಹ್ನದ ಬಸ್ಸಿಗೆ ಅವಳು ಅಟ್ಲಾಂಟಕ್ಕೆ ಹೊರಟಿದ್ದಾಳೆ, ಜೊತೆಗೆ ಬೆಣ್ಣೆ ಕೇಕೂ ಬೆಂಡೆಕಾಯಿ ಉಪ್ಪಿನಕಾಯಿಯೂ ಬರುತ್ತಿವೆ. ಲಕೋಟೆಗೆ ಅಂಟುಪಟ್ಟಿ ಮೂರು ಸುತ್ತು ಸುತ್ತಿದ್ದೇನೆ. ನನ್ನ ತಂಗಿ ಅರ್ಲೀನ್ ದೇವರಿಗೆ ಹೆದರುತ್ತಾಳೆ, ಆದರೆ ಇನ್ನೊಬ್ಬರ ಲಕೋಟೆಗೆ ಹೆದರುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ. ಕಾಗದದಲ್ಲಿ ಕೈ ಬೇಗ ಸೋಲುತ್ತದೆ. ಅದೂ ಎರಡೂ ಕೈ ಸೇರಿ ಎಂಟೇ ಬೆರಳು.

ಭಾನುವಾರ ನೀನು ಹೇಳಿದ್ದು ತಲೆಯಿಂದ ಇಳಿಯುತ್ತಿಲ್ಲ. "ಮಾವ, ನಂಗೆ ಸಾಕಾಗಿದೆ. ಊರೂರು ಹಾಡ್ತಾ ಬಸ್ಸಲ್ಲಿ ಮಲಗಿ ಮಲಗಿ ಬೆನ್ನು ಸೀಟಿನ ಆಕಾರಕ್ಕೇ ಬಂದ್ಬಿಟ್ಟಿದೆ. ಊರಿಗೆ ಬಂದು ಒಂದೇ ಒಂದು ಸಲ ಹಾಡಿ ಮುಗಿಸ್ಬಿಡ್ತೀನಿ." ಅದಕ್ಕೆ ಕೌಂಟಿಯ ದೊಡ್ಡ ಹಾಲ್ ಅನ್ನೇ ಬಾಡಿಗೆಗೆ ಹಿಡಿಯುತ್ತೇನೆ ಅಂದೆ ನೀನು, ಒಂಬೈನೂರು ಕುರ್ಚಿ. ಅದರ ಮುಂಗಡಕ್ಕಾಗಿ ಶುಕ್ರವಾರ ಆ ರೆಕಾರ್ಡ್ ಕಂಪನಿಯವನು ತರುವ ಕಾಗದಕ್ಕೆ ಸಹಿ ಹಾಕಿ, ಮೊದಲನೇ ಸೀಡಿಯ ಹಾಡುಗಳ ಹಕ್ಕನ್ನೂ ಬರೆದುಕೊಡುತ್ತೇನೆ ಅಂದೆ. ಟವಾರಿಸ್, ಉಳಿದದ್ದನ್ನೆಲ್ಲ ಅವರು ಯಾವತ್ತೋ ತಿಂದು ಕೈ ತೊಳೆದಾಗಿದೆ. ನಿನ್ನ ಹೆಸರಿನಲ್ಲಿ ಉಳಿದಿರುವುದು ಆ ಹನ್ನೊಂದು ಹಾಡು ಮಾತ್ರ. "ಹಾಲ್ ತುಂಬತ್ತಾ ಅಂತ ಕೇಳ್ಬೇಡ ಮಾವ. ಅವತ್ತು ನನ್ನ ಸೀಡಿ ಕೊಂಡ ಸಾವಿರ ಜನ ತಪ್ಪು ಮಾಡಲ್ಲ" ಅಂದೆ. ನಾನು ಹೂಂ ಅಂದೆ.

೨೦೦೪ರ ಬೇಸಿಗೆ ನಿನಗೆ ನೆನಪಿದೆ, ನನಗೂ ಇದೆ. ನಿನಗೆ ಹತ್ತೊಂಬತ್ತು. ಮೀನಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಶ್ ಸುಲಿದು ಬಂದು, ಅಮ್ಮನ ಬಟ್ಟೆ ಕಪಾಟಿನೊಳಗೆ ಹೊರಗಿನ ಸದ್ದು ಬಾರದಂತೆ ಅಜ್ಜಿಯ ಕೌದಿಗಳನ್ನು ನೇತುಹಾಕಿಕೊಂಡು ಹಾಡು ರೆಕಾರ್ಡ್ ಮಾಡುತ್ತಿದ್ದೆ. ಮೂರನೇ ಹಾಡಿನ ನಡುವೆ ಗೂಡ್ಸ್ ರೈಲು ಹೋದ ಸದ್ದು ಸೇರಿಕೊಂಡಿದೆ. ನೀನು ಅಳಿಸಬೇಕೆಂದೆ, ಬೇಡ ಅಂದವನು ನಾನು. ಜಾಕ್ಸನ್ನಿನಲ್ಲಿ ಅಚ್ಚು ಹಾಕಿಸಿದ ಸಾವಿರ ಸೀಡಿ ಬಂದಾಗ ನನ್ನ ಬ್ಯೂಕ್ ಕಾರಿನ ಡಿಕ್ಕಿಯೇ ಅಂಗಡಿಯಾಯಿತು. ಹೊಸೇಯನ ಕ್ಷೌರದಂಗಡಿ ಮುಂದೆ, ಕಾರು ತೊಳೆಯುವಲ್ಲಿ, ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ, ಭಾನುವಾರ ಚರ್ಚು ಬಿಟ್ಟಾಗ ಪಾದ್ರಿಗೆ ಕಾಣದ ಹಾಗೆ ಅಂಜೂರದ ಮರದ ಹಿಂದೆ. ಒಂದಕ್ಕೆ ಐದು ಡಾಲರ್. ಶನಿವಾರ ಸಂಜೆ ಚುರುಟಿನ ಡಬ್ಬಿಯಲ್ಲಿ ದುಡ್ಡು ತಂದು ನಿನ್ನ ಮಡಿಲಿಗೆ ಸುರಿಯುತ್ತಿದ್ದೆ. "ಎಷ್ಟು ಹೋಯ್ತು ಮಾವ?" "ಬಿಸಿ ಜೋಳದ ರೊಟ್ಟಿ ಹೋದಂಗೆ ಹೋಯ್ತು ಕಣೋ, ಜನ ಕೈ ಕಚ್ಚೋದೊಂದು ಬಾಕಿ." ಸೆಪ್ಟೆಂಬರ್ ಹುಟ್ಟುವಾಗ ಡಿಕ್ಕಿ ಖಾಲಿ. ಮರುದಿನವೇ ನೀನು ರಬ್ಬರ್ ಬೂಟುಗಳನ್ನು ಕಾರ್ಖಾನೆ ಮುಂದಿನ ವಿದ್ಯುತ್ ತಂತಿಯ ಮೇಲೆ ಎಸೆದು ಅಟ್ಲಾಂಟಕ್ಕೆ ಹೊರಟೆ. ಅವತ್ತೇ ಮೊದಲ ಸಲ ನೀನು ಆ ಮಾತು ಹೇಳಿದ್ದು: ಸಾವಿರ ಜನ ತಪ್ಪು ಮಾಡಲ್ಲ. ಒಂದು ಬೂಟು ಇವತ್ತಿಗೂ ಅಲ್ಲೇ ಇದೆ. ಅದರೊಳಗೆ ಹಕ್ಕಿ ಗೂಡು ಕಟ್ಟಿದೆ.

ಆಮೇಲಿನದು ನಿನಗೇ ಗೊತ್ತು. ಒಂದು ಬೇಸಿಗೆಯಿಡೀ ರೇಡಿಯೋದಲ್ಲಿ ನಿನ್ನ ಹಾಡೇ. ಅರ್ಲೀನ್‌ಗೆ ಹೊಸ ಹಲ್ಲು ಸೆಟ್ಟು, ನಿನಗೆ ಕುತ್ತಿಗೆ ಬಗ್ಗುವಷ್ಟು ದಪ್ಪದ ಸರ. ಎರಡನೇ ಆಲ್ಬಮ್ಮನ್ನು ಕಂಪನಿ ಮೂರು ವರ್ಷ ಕಪಾಟಿನಲ್ಲಿಟ್ಟು ಹಳಸಿಸಿತು. ಸರ ಹೋಯಿತು, ಸಂಗಡಿಗರೂ ಹೋದರು. ಆಮೇಲೆ ಬಸ್ಸು, ನಿನಗಿಂತ ಚಿಕ್ಕವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ನಿನ್ನ ಹೆಸರು. ಹೋದ ವರ್ಷ ಮೆಂಫಿಸ್ಸಿಗೆ ಬಂದಿದ್ದೆನಲ್ಲ, ನೀನು ಹಾಡುವಾಗ ಜನ ಬಿಯರಿನ ಸಾಲಿನಲ್ಲಿ ನಿಂತಿದ್ದರು. ಮುಗಿದ ಮೇಲೆ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ನೀನು ಒಂದೇ ಶೂ ಒರೆಸುತ್ತಾ ಇದ್ದೆ, ಒರೆಸಿದ್ದನ್ನೇ ಮತ್ತೆ ಮತ್ತೆ. ಅಲ್ಲಿಂದ ನಿನ್ನ ಬಸ್ಸಿನವರೆಗೆ ನಾನು ಇಡೀ ದಾರಿ ಜೋಕು ಹೇಳಿದೆ, ನೀನು ಇಡೀ ದಾರಿ ನಕ್ಕೆ. ಇಬ್ಬರಿಗೂ ಸುಸ್ತಾಗಿತ್ತು.

ಹಾಗಾಗಿ ಹೇಳುತ್ತೇನೆ, ಆ ದೊಡ್ಡ ಹಾಲ್ ಬೇಡ. ಅದರ ಸೂರು ಸೋರುತ್ತದೆ. ನೀನು ಗೊತ್ತುಮಾಡಿದ ಶನಿವಾರ ಶಾಲೆಯ ಫುಟ್‌ಬಾಲ್ ಪಂದ್ಯ ಬೇರೆ ಇದೆ. ಅಲ್ಲಿ ದೆವ್ವವಿದೆ ಅಂತಲೂ ಕೆಲವರು ಹೇಳುತ್ತಾರೆ. ಮೂವತ್ತೆಂಟು ವರ್ಷ ನನ್ನನ್ನು ಕಂಡವನಿಗೆ ಈ ಮೂರರಲ್ಲಿ ಎಷ್ಟು ನಿಜ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಸಹಿ ಹಾಕಬೇಡ. ದೊಡ್ಡವನ ಮಾತೆಂದಾದರೂ ಕೇಳು.

ಹೊಸೇಯ ನಿನ್ನ ಯೋಗಕ್ಷೇಮ ಕೇಳಿದ. ಕ್ಷೌರಕ್ಕೆ ಊರಿಗೇ ಬರಲಿ, ಅಟ್ಲಾಂಟದವರು ಹಣೆಯ ಗೆರೆ ಹಾಳುಮಾಡಿದ್ದಾರೆ ಅಂದ. ನಿನ್ನ ಗಂಟಲಿಗೂ ಬೆನ್ನಿಗೂ ಆ ದೇವರು ಸ್ವಲ್ಪ ಎಣ್ಣೆ ಬಿಡಲಿ. ನಿನ್ನ ಬಸ್ಸಿನ ಡ್ರೈವರು ಎಚ್ಚರವಾಗಿರಲಿ.

ಇಂತಿ ನಿನ್ನ ಸೋದರಮಾವ,
ಎಂಟು ಬೆರಳಿನ ಕ್ಲಿಯೋಫಸ್

ತಾ. ಕ.: ಅರ್ಲೀನ್ ಗೇಟಿನಲ್ಲಿ ಹಾರ್ನ್ ಒತ್ತುತ್ತಿದ್ದಾಳೆ, ಚುಟುಕಾಗಿ ಬರೆಯುತ್ತೇನೆ. ನಿನ್ನ ಸೀಡಿ ಕೊಂಡವರು ಸಾವಿರ ಜನ ಅಲ್ಲ, ಅರವತ್ತೊಂದು ಜನ. ಹೊಸೇಯ ಒಂದು ಕೊಂಡು ಅಂಗಡಿಯ ಕಂಪ್ಯೂಟರಿನಲ್ಲಿ ಕ್ಷೌರಕ್ಕೆ ಕೂತವರಿಗೆಲ್ಲ ನಕಲು ಮಾಡಿಕೊಟ್ಟ. ಚರ್ಚಿನ ಹಾಡುಗಾರ್ತಿಯರು ಒಂದನ್ನೇ ಮನೆಯಿಂದ ಮನೆಗೆ ದಾಟಿಸಿದರು. ಡಿಕ್ಕಿ ತೆಗೆದರೆ "ಅಯ್ಯೋ ಕ್ಲಿಯೋ, ಅದು ನಮ್ಮನೇಲಾಗ್ಲೇ ಇದೆಯಲ್ಲಪ್ಪಾ" ಅನ್ನುತ್ತಿದ್ದರು, ಅಂದು ಮೂರನೇ ಹಾಡನ್ನು ರೈಲಿನ ಸದ್ದಿನ ಸಮೇತ ಬಾಯಲ್ಲಿ ನುಡಿಸಿ ತೋರಿಸುತ್ತಿದ್ದರು. ಇಂಥ ಊರು ಹಾಲ್‌ಗೆ ಟಿಕೆಟ್ ಕೊಳ್ಳುವುದಿಲ್ಲ. ಹೊರಗೆ ಟ್ರಕ್ಕಿನ ಮೇಲೆ ಕೂತು ಗೋಡೆಯಾಚೆಯಿಂದ ಕೇಳುತ್ತದೆ. ಕಾರ್ಖಾನೆಯ ಯಂತ್ರ ನನ್ನ ಎರಡು ಬೆರಳು ತಿಂದಾಗ ಕೊಟ್ಟ ಪರಿಹಾರ ಟ್ರಕ್ಕಿನ ಎಂಜಿನ್ನಿಗೆ ಹೋಯಿತು ಅಂದಿದ್ದೆನಲ್ಲ, ಎಂಜಿನ್ ಹಾಕಿಸಲೇ ಇಲ್ಲ. ಶನಿವಾರದ ಡಬ್ಬಿಯಲ್ಲಿ ಬರುತ್ತಿದ್ದದ್ದು ಅದೇ ದುಡ್ಡು. ಉಳಿದ ಒಂಬೈನೂರ ಮೂವತ್ತೊಂಬತ್ತು ಸೀಡಿ ಹಿತ್ತಿಲ ಕೆಟ್ಟ ಫ್ರೀಜರಿನಲ್ಲಿವೆ. ವರ್ನೆಲ್ ಒಂದು ದಿನ ಮುಚ್ಚಳ ತೆಗೆದು ನೋಡಿ "ನಿನ್ನ ಟ್ರಕ್ಕಿನ ಎಂಜಿನ್ನು ಇಲ್ಲಿದೆ ನೋಡು" ಅಂದವಳು, ಸಾಯುವವರೆಗೂ ಮತ್ತೆ ಆ ಮಾತು ಎತ್ತಲಿಲ್ಲ. ಸಾವಿರ ಜನ ಇರಲಿಲ್ಲ, ಮಗನೇ. ಬಹುಪಾಲು ನಾನೊಬ್ಬನೇ ಇದ್ದೆ. ಹತ್ತೊಂಬತ್ತು ವರ್ಷ ನಿನ್ನನ್ನು ಆ ಬಸ್ಸಿಗೆ ಹತ್ತಿಸಿದವನು ನಾನು, ಅದಕ್ಕೆ ಬೈಯುವುದಿದ್ದರೆ ಬಂದು ಎದುರಿಗೇ ಬೈ. ಹಾಡು ಬರೆದುಕೊಡದೆ ಬಾ. ಹೊಸೇಯನ ಅಂಗಡಿ ಮುಂದೆ ಬ್ಯೂಕಿನ ಡಿಕ್ಕಿ ತೆಗೆದಿಡುತ್ತೇನೆ, ಅಲ್ಲೇ ನಿಂತು ಹಾಡು, ಊರೆಲ್ಲ ನಿನ್ನ ಜೊತೆ ಹೇಳುತ್ತದೆ, ಪುಕ್ಕಟೆಯಾಗಿ. ದುಡ್ಡಿನ ವಿಷಯ ಬಂದರೆ ಹಿಂದೆ ಎರಡು ಸೊನ್ನೆ ಅಂಟಿಸುವುದು ನನ್ನ ಹುಟ್ಟುಗುಣ. ಇದಕ್ಕೆ ಒಂದನ್ನೂ ಅಂಟಿಸಿಲ್ಲ: ನಾನು ಕಳೆದುಕೊಂಡದ್ದು ನಾಲ್ಕು ಸಾವಿರದ ಆರುನೂರ ತೊಂಬತ್ತೈದು ಡಾಲರ್.